ಅಮೋಸ್ ರೀಡ್ ಸಾಯುವ ವಾರ

1 ಅಕ್ಟೋಬರ್ 1959, ಗುರುವಾರ

ಕೊನೆಗೂ ಫೆಲ್ಡ್ ಒಂದು ಕೆಲಸ ತಂದ. ನನಗೊಬ್ಬ ಏಜೆಂಟ್ ಇದ್ದಾನೆ ಅನ್ನುವುದೇ ಮರೆತುಹೋಗಿತ್ತು. ಬೆಳಿಗ್ಗೆ ಫೋನ್ ಮಾಡಿ, ‘ಡ್ರೈ ಫೋರ್ಕಿನ ಷರೀಫ’ ಧಾರಾವಾಹಿಯ ಒಂದು ಕಂತಿಗೆ ಅತಿಥಿ ನಟ ಬೇಕಂತೆ, ಶುರುವಿನಲ್ಲೇ ನಿನ್ನ ಹೆಸರೊಂದೇ ಪರದೆ ತುಂಬ ಬರುತ್ತದಂತೆ ಎಂದ. ಪಾತ್ರ ಏನು ಅಂದೆ. ಬಂದೂಕುಗಾರ, ಹೆಸರು ಅಮೋಸ್ ರೀಡ್. ಊರೂರು ಅಲೆದು ಎದುರು ನಿಂತವರನ್ನೆಲ್ಲ ಮಲಗಿಸಿ, ವಯಸ್ಸಾದ ಮೇಲೆ ಡ್ರೈ ಫೋರ್ಕಿಗೆ ಬರುವವನು. ಟಿ.ವಿ. ಬಂದು ನಮ್ಮಂಥ ಸಿನಿಮಾದವರ ಅನ್ನಕ್ಕೆ ಕಲ್ಲು ಹಾಕಿದ ಮೇಲೆ ನಾನು ಮಾಡುತ್ತಿದ್ದದ್ದು ಹೊಸ ಅಂಗಡಿಗಳ ಬಾಗಿಲಿಗೆ ಕುದುರೆ ಮೇಲೆ ಬಂದು ರಿಬ್ಬನ್ ಕತ್ತರಿಸುವ ಕೆಲಸ. ಕೇಳಿದ ತಕ್ಷಣ ಒಪ್ಪಿಬಿಟ್ಟೆ.

ಮಧ್ಯಾಹ್ನ ಚಿತ್ರಕಥೆ ಬಂತು. ಹಿತ್ತಲಿನ ನಿಂಬೆ ಗಿಡದ ಕೆಳಗೆ ಕೂತು ಓದಿದೆ. ಕೊನೆಯ ಪುಟಕ್ಕೆ ಮೊದಲು ನನ್ನನ್ನು ಕೊಲ್ಲುತ್ತಾರೆ.

ನನ್ನನ್ನು, ಆರ್ವಲ್ ಟೇಟನನ್ನು! ಬಿಳಿ ಟೋಪಿ ಹಾಕಿಕೊಂಡು ಶನಿವಾರದ ಮ್ಯಾಟಿನಿಗಳಲ್ಲಿ ಅರ್ಧ ಆಯುಷ್ಯ ಕುದುರೆ ಓಡಿಸಿದವನು ನಾನು. ಎಷ್ಟು ಸಿನಿಮಾ ಮಾಡಿದೆನೋ ನನಗೇ ನೆನಪಿಲ್ಲ, ಒಂದರಲ್ಲೂ ಸತ್ತಿಲ್ಲ. ಒಮ್ಮೆ ತೋಳಿಗೆ ಗುಂಡು ತಗಲಿತ್ತು, ಮುಂದಿನ ದೃಶ್ಯಕ್ಕೆ ಅದೂ ವಾಸಿಯಾಗಿತ್ತು. ಈಗ ಷರೀಫನ ವೇಷದ ಯಾವನೋ ಮೀಸೆ ಬಲಿಯದ ಹುಡುಗ ನಡುಬೀದಿಯಲ್ಲಿ ನನ್ನನ್ನು ಹೊಡೆದು ಕೆಡವಬೇಕಂತೆ. ಕೆಳಗೆ ಬಿದ್ದ ಮೇಲೆ ಒಂದು ಮಾತು ಬೇರೆ: “ಯಾರೋ ಒಬ್ಬ ಬಂದೇ ಬರ್ತಾನೆ ಅಂತ ಗೊತ್ತಿತ್ತು. ನೀನೇ ಆಗಿದ್ದು ಒಳ್ಳೇದಾಯ್ತು.” ಗುಂಡು ತಿಂದವನು ಇಷ್ಟು ಮಾತಾಡುತ್ತಾನೆಯೇ?

ಹೆಂಡತಿ ನೆಲ್ಡಾಗೆ ಹೇಳಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತದೆ, “ಸಾಯೋದೇನು ಕಷ್ಟದ ಕೆಲಸವೇನ್ರೀ? ದಿನಾ ಊಟ ಆದ್ಮೇಲೆ ಸೋಫಾ ಮೇಲೆ ಅಭ್ಯಾಸ ಮಾಡ್ತಾನೇ ಇದ್ದೀರಲ್ಲ” ಅಂದಳು.

ಈ ಮನೆಯಲ್ಲಿ ಕಲಾವಿದನಿಗೆ ಬೆಲೆಯಿಲ್ಲ. ಸೋಮವಾರ ಹೋದಾಗ ಅಂತ್ಯ ಬದಲಾಯಿಸಲು ಕೇಳುತ್ತೇನೆ.

5 ಅಕ್ಟೋಬರ್, ಸೋಮವಾರ

ಬಟ್ಟೆಯ ಅಳತೆ ಕೊಡಲು ಹೋಗಿದ್ದೆ. ಕಪ್ಪು ಟೋಪಿ ಕೊಟ್ಟರು. ಕನ್ನಡಿಯಲ್ಲಿ ನೋಡಿಕೊಂಡೆ. ಚೆನ್ನಾಗಿ ಕಾಣುತ್ತೇನೆ ಅನ್ನುವುದೇ ಬೇಜಾರು.

ನಿರ್ದೇಶಕ ವೈಸ್ ಕುಳ್ಳ ಮನುಷ್ಯ, ಯಾವಾಗಲೂ ಆಕಾಶ ನೋಡಿಕೊಂಡು ಬೆಳಕಿನ ಚಿಂತೆ ಮಾಡುವವನು. ಅವನಿಗೆ ವಿನಯದಿಂದಲೇ ಹೇಳಿದೆ. ಅಮೋಸ್ ರೀಡ್ ಪಿಸ್ತೂಲು ಬಿಸಾಡಿ, ಕುದುರೆ ಹತ್ತಿ, ಗುಡ್ಡದ ಕಡೆ ಹೊರಟುಹೋದರೆ ನೋಡುವವರ ಮನಸ್ಸು ಕಲಕುತ್ತದಲ್ಲವೇ ಅಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, “ಟೇಟ್ ಅವರೇ, ವಾರಾ ವಾರಾ ಒಬ್ಬ ಸಾಯ್ತಾನೆ, ಸೋಪಿನ ಕಂಪನಿಯವರು ದುಡ್ಡು ಕೊಡ್ತಾರೆ. ನಮ್ಮ ವ್ಯವಹಾರ ಇಷ್ಟೇ” ಅಂದ. ಆದರೂ ನಿರ್ಮಾಪಕರ ಕಿವಿಗೆ ಹಾಕುತ್ತೇನೆ ಅಂದಿದ್ದಾನೆ. ನನಗೆ ನಂಬಿಕೆಯಿಲ್ಲ.

ಇವರದೊಂದು ವಿಚಿತ್ರ ಪದ್ಧತಿ ನೋಡಿದೆ. ಚ್ಯಾಟ್ಸ್‌ವರ್ತ್ ಬಂಡೆಗಳ ಹತ್ತಿರ ಇವರು ಕಟ್ಟಿರುವ ಸುಳ್ಳು ಊರಿನ ಲಾಯದ ಹಿಂದೆ ಒಂದು ಸ್ಮಶಾನವಿದೆ. ಅದು ಚಿತ್ರೀಕರಣಕ್ಕಲ್ಲ, ಇವರ ಖುಷಿಗೆ. ಈ ಧಾರಾವಾಹಿಯಲ್ಲಿ ಸತ್ತ ಪ್ರತಿ ಅತಿಥಿ ನಟನಿಗೂ ಅಲ್ಲೊಂದು ಮರದ ಫಲಕ. ಮುಂದುಗಡೆ ಪಾತ್ರದ ಹೆಸರು, ಹಿಂದುಗಡೆ ನಟನ ಹೆಸರು. ಸತ್ತವನೇ ಸುತ್ತಿಗೆ ಹಿಡಿದು ತನ್ನ ಫಲಕ ನೆಡಬೇಕು. ಆಮೇಲೆ ಎಲ್ಲರೂ ಸೇರಿ ಅಲ್ಲೇ ಏಪ್ರಿಕಾಟ್ ಹಣ್ಣು ತುಂಬಿ ಬೇಯಿಸಿದ ಪೈ ತಿನ್ನುತ್ತಾರೆ. ಇದನ್ನೆಲ್ಲ ನೋಡಿಕೊಳ್ಳುವವನು ಸಾಮಾನು ಸರಂಜಾಮಿನ ಸ್ವೆಂಡ್ ಎಂಬ ಡ್ಯಾನಿಷ್ ಮುದುಕ. ನನ್ನ ಕೈ ಕುಲುಕುತ್ತಲೇ, ನಿಮ್ಮದು ಆಗಲೇ ಮಾಡಿಟ್ಟಿದ್ದೀನಿ, ಒಳ್ಳೇ ಪೈನ್ ಮರ, ಗೆದ್ದಲು ಹಿಡಿಯಲ್ಲ ಅಂದ. ಸೌದೆ ಒಲೆಗೆ ಹಾಕು ಅಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಎಲ್ಲರೂ ಮೊದಲು ಹಾಗೇ ಹೇಳೋದು ಅಂದ.

6 ಅಕ್ಟೋಬರ್, ಮಂಗಳವಾರ

ಮೊದಲ ದಿನ. ಹೋಟೆಲಿನ ದೃಶ್ಯ, ಇಸ್ಪೀಟಿನ ದೃಶ್ಯ. ಮಾತೆಲ್ಲ ಬಾಯಿಗೆ ಬಂತು, ಎಲ್ಲೂ ತಪ್ಪಲಿಲ್ಲ. ಆದರೆ ಕುದುರೆಯಿಂದ ಇಳಿಯುವಾಗ ಸೊಂಟ ಹಿಡಿದುಕೊಂಡಿತು. ಯಾರೂ ನೋಡಲಿಲ್ಲ, ಕುದುರೆಯೊಂದೇ ತಿರುಗಿ ನೋಡಿತು.

ಷರೀಫನ ಪಾತ್ರದ ಹುಡುಗನ ಹೆಸರು ಗ್ರೇಡಿ ಲೂಮಿಸ್. ನೆಬ್ರಾಸ್ಕ ಕಡೆಯವನು. ದೇಶದ ಹುಡುಗಿಯರೆಲ್ಲ ಇವನಿಗಾಗಿ ಪ್ರಾಣ ಬಿಡುತ್ತಾರಂತೆ, ನನ್ನ ಮುಂದೆ ಮಾತ್ರ ಇವನು ಬಾಯಿ ಬಿಡುವುದಿಲ್ಲ. ನಾನು ಕೂರುವವರೆಗೂ ಕೂರಲಿಲ್ಲ. ಮಧ್ಯಾಹ್ನ ಊಟದ ಗಾಡಿಯ ಹತ್ತಿರ ನನಗೆ ಮುಂದೆ ಹೋಗಲು ಬಿಟ್ಟು ತಾನು ಹಿಂದೆ ನಿಂತ. ಜಂಭ ಇರಬೇಕು. ಈಗಿನ ಹುಡುಗರ ಜಂಭ ಹೀಗೂ ಇರುತ್ತದೆ.

8 ಅಕ್ಟೋಬರ್, ಗುರುವಾರ

ಗೆದ್ದೆ!

ನಡುಬೀದಿಯ ದ್ವಂದ್ವಯುದ್ಧ ಇವತ್ತು ತೆಗೆಯಲು ಹೊರಟರು. ಲೆಕ್ಕ ಇಷ್ಟೇ: ನಾನು ಮೊದಲು ಪಿಸ್ತೂಲಿಗೆ ಕೈ ಹಾಕಬೇಕು, ಆದರೂ ಷರೀಫ ನನಗಿಂತ ಮೊದಲು ಹೊಡೆಯಬೇಕು. ನೋಡುವವರಿಗೆ ಅದೇ ಬೇಕು. ಕ್ಯಾಮೆರಾ ಓಡಿತು, ನಾನು ಕೈ ಹಾಕಿದೆ. ನನ್ನ ಪಿಸ್ತೂಲು ಹೊರಗೆ ಬಂದು ಢಂ ಅಂದಾಗ ಗ್ರೇಡಿಯದು ಇನ್ನೂ ಒರೆಯಲ್ಲೇ ಇತ್ತು. ಎಲ್ಲರೂ ನಕ್ಕರು. ಎರಡನೇ ಸಲವೂ ಹಾಗೇ. ಮೂರನೇ ಸಲ ನಾನು ಬೇಕೆಂದೇ ನಿಧಾನ ಮಾಡಿದೆ, ಅವನು ನನಗಿಂತ ನಿಧಾನ. ಆಮೇಲೆ ಯಾರೂ ನಗಲಿಲ್ಲ. ವೈಸ್ ನನ್ನನ್ನು ಪಕ್ಕಕ್ಕೆ ಕರೆದು, ಬದುಕಬೇಕು ಅಂತ ಬೇಕಂತಲೇ ಮಾಡ್ತಿದ್ದೀರಾ ಎಂದು ಕೇಳಿದ. ನನಗೆ ಸಿಟ್ಟು ಬಂತು, ಆದರೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ ಸಿಟ್ಟು ನಿಲ್ಲಲೇ ಇಲ್ಲ. ಐವತ್ತಾರು ವರ್ಷ, ಹಿಡಿದ ಸೊಂಟ, ಆದರೂ ಈ ಕೈಯನ್ನು ಮೀರಿಸುವ ಕೈ ಇನ್ನೂ ಹುಟ್ಟಿಲ್ಲ!

ಊಟಕ್ಕೆ ಕೂತಾಗ ನೆಲ್ಡಾಗೆ ಅಭಿನಯಿಸಿ ತೋರಿಸಿದೆ. ಉಪ್ಪಿನ ಡಬ್ಬಿ ಬಿತ್ತು. ಅವಳು ಅದನ್ನು ಎತ್ತಿಡುತ್ತಾ, “ರೀ, ಆಗಿನ ಕಾಲದಲ್ಲಿ ನಿಮ್ಮ ಕೈ ಬೇಗ ಓಡ್ತಿರ್ಲಿಲ್ಲ. ಕ್ಯಾಮೆರಾನ ನಿಧಾನ ತಿರುಗಿಸಿ ಪರದೆ ಮೇಲೆ ನಿಮ್ಮನ್ನ ಓಡಿಸ್ತಿದ್ರು. ನಿಮ್ಮ ಕುದುರೇನೂ ಹಾಗೇ ಓಡಿದ್ದು” ಅಂದಳು.

ಇವತ್ತು ಕ್ಯಾಮೆರಾ ಸರಿಯಾಗೇ ಓಡುತ್ತಿತ್ತಲ್ಲ ಅಂದೆ. “ಹೌದಲ್ಲ, ಅದ್ಹೆಂಗೆ?” ಅಂತ ನಿಜವಾಗಿ ಯೋಚನೆ ಮಾಡುವವಳ ಹಾಗೆ ಮುಖ ಮಾಡಿದಳು. ಎದೆ ಉಬ್ಬಿಸಿಕೊಂಡು ಮಲಗಲು ಹೋಗುತ್ತಿದ್ದೇನೆ.

9 ಅಕ್ಟೋಬರ್, ಶುಕ್ರವಾರ

ಬೆಳಿಗ್ಗೆಯಿಡೀ ಅದೇ ಕಥೆ. ನಾನು ಹೇಗೆ ಮಾಡಿದರೂ ಗ್ರೇಡಿ ನನ್ನ ಹಿಂದೆ. ಮಧ್ಯಾಹ್ನ ಬಿಸಿಗಾಳಿ ಎದ್ದು ಧೂಳು ಮುಚ್ಚಿತು. ವೈಸ್ ಟೋಪಿ ನೆಲಕ್ಕೆ ಬಡಿದು ಫೋನ್ ಇದ್ದ ಕಡೆ ಹೋದ. ಮರಳಿ ಬಂದು, ನಿರ್ಮಾಪಕರು ಒಪ್ಪಿದ್ದಾರೆ, ಸೋಮವಾರ ನೀವು ಪಿಸ್ತೂಲು ಬಿಸಾಡಿ ಗುಡ್ಡದ ಕಡೆ ಹೋಗಿ, ಸಂತೋಷವಾಯಿತಾ ಅಂದ.

ನಾನು ಕೇಳಿದ್ದೇ ಸಿಕ್ಕಿತು. ಆಯಿತು ಅಂದೆ. ವಂದನೆ ಹೇಳುವುದು ಮರೆತೆ.

ಸ್ವೆಂಡ್ ತನ್ನ ಲಾರಿಯಿಂದ ನನ್ನ ಫಲಕ ತೆಗೆದು, ಇನ್ನು ಇದು ಬೇಡ ಅಂತ ಸೌದೆ ರಾಶಿಯ ಕಡೆ ಹೊರಟ. ಇಲ್ಲಿ ಕೊಡು, ಮನೇಲಿ ಒಲೆಗೆ ಆಗುತ್ತೆ ಅಂದೆ. ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ. ಆ ಹೊತ್ತಿಗೆ ನೆನಪಾಗಲಿಲ್ಲ. ಅಕ್ಷರ ಅಂದವಾಗಿ ಕೆತ್ತಿದ್ದಾನೆ ಮುದುಕ. ಹಿಂದುಗಡೆ ‘ಆರ್ವಲ್ ಟೇಟ್’, ಟ ಅಕ್ಷರಗಳಿಗೆ ಚಿಕ್ಕ ಟೋಪಿ ಬರೆದಿದ್ದಾನೆ.

ಕಾರಿನ ಹತ್ತಿರ ಗ್ರೇಡಿ ಕಾಯುತ್ತಿದ್ದ. ಇನ್ನೂ ಷರೀಫನ ಬಟ್ಟೆಯಲ್ಲೇ ಇದ್ದ, ಟೋಪಿ ಕೈಯಲ್ಲಿ. ಮರದ ನೆರಳಿನಲ್ಲಿ ನಿಂತು ಬಹಳ ಹೊತ್ತು ಟೋಪಿಯ ಅಂಚು ತಿರುಗಿಸಿದ.

“ಸಾರ್, ಒಂದು ಮಾತು ಹೇಳ್ತೀನಿ, ಬೈಬೇಡಿ. ನಮ್ಮೂರಲ್ಲಿ ಒಂದೇ ಟಾಕೀಸು ಇದ್ದಿದ್ದು. ಶನಿವಾರ ಶನಿವಾರ ಮುಂದಿನ ಸಾಲಲ್ಲಿ ನಾನೇ. ನಿಮ್ಮ ಕೈ ಸೊಂಟಕ್ಕೆ ಹೋಯ್ತು ಅಂದ್ರೆ ನಂಗೇನಾಗುತ್ತೋ ಗೊತ್ತಿಲ್ಲ, ನೋಡ್ತಾ ನಿಂತ್ಬಿಡ್ತೀನಿ. ನೀವು ಹೊಡೀತೀರಿ, ಕೆಟ್ಟವನು ಬೀಳ್ತಾನೆ. ನಂಗೆ ಗೊತ್ತಿರೋದು ಅಷ್ಟೇ. ನಿಮ್ಮನ್ನ ಹೊಡಿಯೋಕೆ ನನ್ನ ಕೈ ಏಳ್ತಾ ಇಲ್ಲ.”

ಹಾಗಾದರೆ ಎರಡು ದಿನದಿಂದ ನಾನು ಗೆದ್ದದ್ದಲ್ಲ. ಇವನು ಕಾದದ್ದು.

ಏನಾದರೂ ಹೇಳಬೇಕಿತ್ತು. ಹೋಗಪ್ಪಾ, ಮುಖ ತೊಳ್ಕೋ, ಧೂಳಾಗಿದೆ ಅಂದೆ. ಧೂಳೊಂದೇ ಅಲ್ಲ, ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ ಸ್ವಲ್ಪ. ಬಿಸಿಗಾಳಿ ಹಾಗೆ ಮಾಡುತ್ತದೆ.

ನೆಲ್ಡಾಗೆ ಹೇಳಿದೆ, ಕೈಯ ವಿಷಯವೂ ಸೇರಿಸಿ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಸೂಪು ಇನ್ನೊಂದು ಸೌಟು ಬಡಿಸಿದಳು.

11 ಅಕ್ಟೋಬರ್, ಭಾನುವಾರ

ನೆಲ್ಡಾ ಆ ಫಲಕವನ್ನು ನಿಂಬೆ ಗಿಡದ ಬುಡಕ್ಕೆ ಒರಗಿಸಿಟ್ಟಿದ್ದಾಳೆ. ಬೆಕ್ಕು ಅದರ ಮೇಲೆ ಬೆನ್ನು ಉಜ್ಜುತ್ತದೆ.

ಸೊಂಟ ಸಡಿಲವಾಗಲಿ ಅಂತ ಬೆಳಿಗ್ಗೆ ಹಿತ್ತಲಿನ ಹುಲ್ಲಿನ ಮೇಲೆ ಸ್ವಲ್ಪ ಬಿದ್ದು ನೋಡಿದೆ. ಸುಮ್ಮನೆ, ಇನ್ನೇನಿಲ್ಲ. ಮೊದಲು ಮಂಡಿಯೂರಿ ಬಿದ್ದೆ, ಅದು ಸರಿಯಿಲ್ಲ, ಗುಂಡು ತಿಂದವನು ಜಾಗ ನೋಡಿಕೊಂಡು ಬೀಳುವುದಿಲ್ಲ. ಪಕ್ಕಕ್ಕೆ ತಿರುಗಿ ಬಿದ್ದರೆ ಸಿನಿಮಾದವನ ಹಾಗೆ ಕಾಣುತ್ತದೆ. ಕಡೆಗೆ ಹೀಗೆ ಹೊಳೆಯಿತು: ಅಮೋಸ್ ರೀಡ್‌ಗೆ ಗುಂಡು ತಗಲಿದ್ದು ಮೊದಲು ಗೊತ್ತೇ ಆಗುವುದಿಲ್ಲ. ಪಿಸ್ತೂಲನ್ನು ಒರೆಗೆ ವಾಪಸ್ಸು ಹಾಕಲು ನೋಡುತ್ತಾನೆ, ಕೆಲಸ ಮುಗಿಸಿದವನ ಹಾಗೆ. ಒರೆ ಸಿಗುವುದಿಲ್ಲ. ಆಗ ಕೂತುಕೊಳ್ಳುತ್ತಾನೆ. ಆಮೇಲೆ ಮಲಗುತ್ತಾನೆ. ಇದು ಚೆನ್ನಾಗಿದೆ. ಕೊನೆಯ ಆ ಮಾತನ್ನೂ ಹೇಳಿ ನೋಡಿದೆ. ಬರೆದವನು ಪೂರ್ತಿ ದಡ್ಡನೇನಲ್ಲ.

ಎಷ್ಟು ಸಲ ಬಿದ್ದೆನೋ. ಕಣ್ಣು ಬಿಟ್ಟಾಗ ನೆಲ್ಡಾ ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದಳು. “ಪಕ್ಕದ ಮನೆ ಓಪಲ್ ಡಾಕ್ಟರಿಗೆ ಫೋನ್ ಮಾಡೋದ್ರಲ್ಲಿದ್ಲು, ನಾನೇ ತಡೆದೆ” ಅಂದಳು. ನಾಳೆ ಗುಡ್ಡದ ಕಡೆ ಹೋಗೋನಿಗೆ ಬೀಳೋ ಅಭ್ಯಾಸ ಯಾಕೆ ಎಂದು ಕೇಳಿದಳು. ಸೊಂಟಕ್ಕೆ ಅಂದೆ. ಓಹೋ, ಸೊಂಟಕ್ಕೆ ಅಂದಳು.

ಶರ್ಟಿನ ಹಿಂದೆಲ್ಲ ಹುಲ್ಲಿನ ಕಲೆ. ಅವಳು ಬೈಯದೆ ನೆನೆಹಾಕಿದ್ದಾಳೆ.

12 ಅಕ್ಟೋಬರ್, ಸೋಮವಾರ

ಮಲಗುವ ಮೊದಲು ಬರೆದುಬಿಡುತ್ತೇನೆ.

ಬೆಳಿಗ್ಗೆ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ವೈಸ್ ನನ್ನನ್ನೂ ಅದನ್ನೂ ನೋಡಿದ. ಹಳೆಯ ಅಂತ್ಯವೇ ಇರಲಿ, ಒಂದು ಟೇಕ್ ಕೊಡಿ ಅಂದೆ. ನಿಮಗೇನು ತಲೆ ಕೆಟ್ಟಿದೆಯಾ, ನೀವೇ ಕೇಳಿ ಬದಲಾಯಿಸಿದ್ದಲ್ಲವಾ ಅಂದ. ಕೇಳಿದ್ದೆ ನಿಜ, ಅಮೋಸ್ ರೀಡ್ ಡ್ರೈ ಫೋರ್ಕಿಗೆ ಬಂದದ್ದು ತನ್ನನ್ನು ಮೀರಿಸುವವನನ್ನು ಹುಡುಕಿಕೊಂಡು ಅಂತ ಆಗ ಗೊತ್ತಿರಲಿಲ್ಲ ಅಂದೆ. ಅವನು ಆಕಾಶ ನೋಡಿದ. ಬೆಳಕು ಚೆನ್ನಾಗಿತ್ತು. ಒಂದೇ ಟೇಕು, ಅದು ಆಗದಿದ್ದರೆ ಕುದುರೆ ಹತ್ತಿ ಅಂದ.

ಗ್ರೇಡಿ ಬಿಳಿಚಿಕೊಂಡಿದ್ದ. ಜಾಗಕ್ಕೆ ಹೋಗುವ ಮೊದಲು ಅವನ ಹತ್ತಿರ ಹೋಗಿ, ಕೊರಳಿನ ವಸ್ತ್ರ ಸರಿಮಾಡುವ ನೆಪದಲ್ಲಿ ಮೆಲ್ಲಗೆ ಹೇಳಿದೆ:

“ಏನಪ್ಪಾ, ಇನ್ನೂ ಮುಂದಿನ ಸಾಲಲ್ಲೇ ಕೂತಿದ್ದೀಯಲ್ಲ. ಆಟ ಮುಗೀತು. ಲೈಟ್ ಹಾಕಿದಾರೆ, ಕಸ ಗುಡಿಸೋರು ಬಂದಿದಾರೆ. ನೀನು ಏಳದೆ ನಾನು ಮನೆಗೆ ಹೋಗೋ ಹಂಗಿಲ್ಲ. ಮನೇಲಿ ಹೆಂಡತಿ ಸೂಪು ಮಾಡಿಟ್ಟು ಕಾಯ್ತಿದಾಳೆ. ಬೇಗ ಕಳಿಸ್ಕೊಡು ಮಾರಾಯ.”

ಅವನು ನಗಲು ಹೋದ, ನಗು ಅರ್ಧಕ್ಕೇ ನಿಂತಿತು. ಆಯ್ತು ಸಾರ್ ಅಂದ.

ಬೀದಿಯ ಈ ತುದಿಗೆ ನಾನು, ಆ ತುದಿಗೆ ಅವನು. ಗಾಳಿ ನಿಂತಿತ್ತು. ನಾನು ಕೈ ಹಾಕಿದೆ, ನಿಧಾನ ಮಾಡಲಿಲ್ಲ, ದೇವರಾಣೆ ಇಡೀ ಬಲ ಹಾಕಿದೆ. ಪಿಸ್ತೂಲು ಅರ್ಧ ಹೊರಗೆ ಬರುವಷ್ಟರಲ್ಲಿ ಅವನ ಕೈಯಿಂದ ಹೊಗೆ ಎದ್ದಿತ್ತು! ಅವನ ಕೈ ಎದ್ದದ್ದೇ ನನಗೆ ಕಾಣಲಿಲ್ಲ. ಅಬ್ಬಾ, ಏನು ಕೈ! ಅಂಥದನ್ನು ನಾನು ನನ್ನ ಒಳ್ಳೆಯ ದಿನಗಳಲ್ಲೂ ಮಾಡಿರಲಿಲ್ಲ. ಎಷ್ಟು ಸಂತೋಷವಾಯಿತೆಂದರೆ, ಹೊಡೆಸಿಕೊಂಡದ್ದು ನಾನು ಅನ್ನುವುದೇ ಮರೆತುಹೋಯಿತು.

ಒರೆ ಹುಡುಕಿದೆ. ಕೂತೆ. ಮಲಗಿದೆ. ಗ್ರೇಡಿ ಓಡಿಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಚಿತ್ರಕಥೆಯಲ್ಲಿ ಅವನು ನಡೆದು ಬರಬೇಕಿತ್ತು. ನಾನು ಮಾತು ಹೇಳಿದೆ: ಯಾರೋ ಒಬ್ಬ ಬಂದೇ ಬರ್ತಾನೆ ಅಂತ ಗೊತ್ತಿತ್ತು, ನೀನೇ ಆಗಿದ್ದು ಒಳ್ಳೇದಾಯ್ತು. ಷರೀಫನಿಗೆ ಅಲ್ಲಿ ಮಾತಿಲ್ಲ. ಆದರೆ ಅವನು “ಹೌದು ಸಾರ್” ಅಂದುಬಿಟ್ಟ.

ಷರೀಫ ಬಂದೂಕುಗಾರನಿಗೆ ಸಾರ್ ಅನ್ನುತ್ತಾನೆಯೇ? ಎಲ್ಲ ಹಾಳಾಯಿತು ಅಂದುಕೊಂಡು ಕಣ್ಣು ಮುಚ್ಚಿಕೊಂಡೇ ಇದ್ದೆ. ಆಮೇಲೆ ವೈಸ್, ಸಾಕು, ಇದೇ ಇರಲಿ ಅಂದ.

ಸತ್ತವನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ ಅಂತ ಇವತ್ತು ಗೊತ್ತಾಯಿತು. ಷರೀಫನ ಮುಖ, ಊರವರ ಮುಖ, ಚರ್ಚಿನ ಬಾಗಿಲು, ಎಲ್ಲವನ್ನೂ ಕ್ಯಾಮೆರಾ ನನ್ನ ಮೇಲಿಂದ ಹಿಡಿಯುವವರೆಗೆ ಹೆಣ ಅಲ್ಲೇ ಬಿದ್ದಿರಬೇಕು. ಮುಖದ ಮೇಲೆ ಕಪ್ಪು ಟೋಪಿ ಇಟ್ಟರು. ನೆಲ ಬೆಚ್ಚಗಿತ್ತು. ಟೋಪಿಯ ಒಳಗೆ ಬೆವರಿನ, ಹೊಸ ಚರ್ಮದ ವಾಸನೆ. ಕುದುರೆಗಳು ಹೇಷಾರವ ಮಾಡುತ್ತಿದ್ದವು, ಮೇಕಪ್ಪಿನ ಹೆಂಗಸು ತನ್ನ ತಂಗಿಯ ಮದುವೆಯ ಕೇಕಿನ ಕಥೆ ಹೇಳುತ್ತಿದ್ದಳು, ಇರುವೆಯೊಂದು ನನ್ನ ಕಿವಿಯ ಹತ್ತಿರ ಏನೋ ಹೊತ್ತು ಹೋಗುತ್ತಿತ್ತು. ಯಾರೂ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ನಿದ್ದೆ ಬಂದುಬಿಟ್ಟಿತು. ಗೊರಕೆ ಹೊಡೆದೆನಂತೆ, ಧ್ವನಿ ಹಿಡಿಯುವವನು ಎರಡು ಸಲ ಬಂದು ಎಬ್ಬಿಸಿದ.

ಸಂಜೆ ಬೆಳಕಿರುವಾಗಲೇ ಲಾಯದ ಹಿಂದೆ ಹೋದೆವು. ಸ್ವೆಂಡ್ ಸುತ್ತಿಗೆ ಕೊಟ್ಟ. ನೆಲ ಗಟ್ಟಿ, ನನ್ನ ಸೊಂಟ ಹೀಗೆ, ಗ್ರೇಡಿ ಫಲಕ ಹಿಡಿದುಕೊಂಡ, ನಾನು ಬಡಿದೆ. ನೇರವಾಗಿ ನಿಂತಿದೆ. ಸುತ್ತಲೂ ಇರುವ ಹೆಸರುಗಳಲ್ಲಿ ಅರ್ಧದಷ್ಟು ಜನ ಹಿಂದೆ ನನ್ನ ಸಿನಿಮಾಗಳಲ್ಲಿ ನನ್ನಿಂದ ಸತ್ತವರು. ಅವರ ನಡುವೆ ಒಳ್ಳೆಯ ಜಾಗವೇ ಸಿಕ್ಕಿದೆ. ಪೈಯ ದೊಡ್ಡ ತುಂಡು ಸತ್ತವನಿಗೆ ಕೊಡುವುದು ಪದ್ಧತಿಯಂತೆ. ನೆಲ್ಡಾಗೂ ಒಂದು ಕಟ್ಟಿಸಿಕೊಂಡು ಬಂದೆ.

12 ಡಿಸೆಂಬರ್, ಶನಿವಾರ

ಎಷ್ಟೋ ದಿನವಾಯಿತು ಬರೆದು. ಬರೆಯುವಂಥದ್ದೇನೂ ಇರಲಿಲ್ಲ. ನಿಂಬೆಹಣ್ಣು ಕಿತ್ತೆವು, ಮಾಡಿನ ಹೆಂಚು ಸರಿಮಾಡಿದೆ, ಗ್ರೇಡಿ ಭಾನುವಾರಗಳಂದು ಊಟಕ್ಕೆ ಬರುತ್ತಾನೆ. ನೆಲ್ಡಾ ಅವನಿಗೆ ಬಟಾಣಿ ಸುಲಿಯಲು ಹಚ್ಚುತ್ತಾಳೆ.

ಇವತ್ತು ನಮ್ಮ ಕಂತು ಬಂತು. ಊಟ ಬೇಗ ಮುಗಿಸಿ ಟಿ.ವಿ. ಮುಂದೆ ಕೂತೆವು. ನನ್ನ ಹೆಸರು ಪರದೆ ತುಂಬ ಬಂದಾಗ ನಾನು ನೆಲ್ಡಾಳ ತಟ್ಟೆ ಎತ್ತಿಡುತ್ತಿದ್ದೆ, ನೋಡಲಾಗಲಿಲ್ಲ.

ನನ್ನ ಯಾವ ಸಿನಿಮಾ ನೋಡುವಾಗಲೂ ನೆಲ್ಡಾ ಹೆಣಿಗೆ ಹಾಕುತ್ತಾ ಕೂರುವವಳು. ಕುದುರೆ ಓಡಲಿ, ಬಂಡೆ ಉರುಳಲಿ, ಸೂಜಿ ನಿಲ್ಲುತ್ತಿರಲಿಲ್ಲ. ಇವತ್ತು ನಡುಬೀದಿಯ ದೃಶ್ಯ ಬಂದಾಗ ಸೂಜಿಯ ಸದ್ದು ನಿಂತಿತು. ಅಮೋಸ್ ರೀಡ್ ಒರೆ ಹುಡುಕಿದ. ಕೂತ. ಅವಳು ನನ್ನ ಮೊಣಕೈ ಹಿಡಿದುಕೊಂಡಳು, ನೋವಾಗುವಷ್ಟು. ಗ್ರೇಡಿ “ಹೌದು ಸಾರ್” ಅಂದ. ಸೋಪಿನ ಜಾಹೀರಾತು ಬಂತು. ಅವಳು ಎದ್ದು ಟಿ.ವಿ. ಆರಿಸಿ ಬಂದು, ನನ್ನ ಶರ್ಟಿನ ಮೇಲೆ ಗುಂಡು ತಗಲಿದ ಜಾಗದಲ್ಲಿ ಅಂಗೈ ಇಟ್ಟಳು.

“ಅಷ್ಟು ವರ್ಷ ಗೆದ್ದು ಗೆದ್ದು ಬರ್ತಿದ್ರಿ, ಒಂದು ದಿನಾನೂ ಭಯ ಆಗಿರ್ಲಿಲ್ಲ ನಂಗೆ. ಇವತ್ತಾಯ್ತು ಕಣ್ರೀ” ಅಂದಳು.

ಇಲ್ಲೇ ಇದ್ದೀನಲ್ಲೇ ಅಂದೆ. ಆದರೂ ಅವಳು ಕೈ ತೆಗೆಯಲಿಲ್ಲ. ಹಾಗೇ ಕೂತಿದ್ದೆವು.

14 ಡಿಸೆಂಬರ್, ಸೋಮವಾರ

ಬೆಳಿಗ್ಗೆ ಫೆಲ್ಡ್ ಫೋನ್ ಮಾಡಿದ. ಶನಿವಾರದ್ದು ನೋಡಿ ಮೂರು ಕಡೆಯಿಂದ ಕೇಳಿದ್ದಾರಂತೆ. ಅವನ ಧ್ವನಿಯೇ ಬೇರೆಯಾಗಿತ್ತು. ಎಲ್ಲಕ್ಕಿಂತ ದೊಡ್ಡದು ಒಂದು ಹೊಸ ಧಾರಾವಾಹಿಯಲ್ಲಿ ದನ ಕಾಯುವವರ ಒಡೆಯನ ಪಾತ್ರ, ಬಿಳಿ ಟೋಪಿ, ಬಿಳಿ ಕುದುರೆ. ಒಳ್ಳೆಯದು ಅಂದೆ. ಕೊನೆಯಲ್ಲಿ ಅವನಿಗೆ ಏನಾಗುತ್ತದೆ ಎಂದು ಕೇಳಿದೆ.

ಏನಾಗೋದು, ಎಲ್ಲರನ್ನೂ ಹೊಡೆದು ಗೆಲ್ತಾನೆ, ಇನ್ನೇನು ಅಂದ.

ಹಾಗಾದರೆ ಸಾಯುವುದಿಲ್ಲವೇ, ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಫೋನ್ ಇಟ್ಟು ತಿರುಗಿದರೆ ನೆಲ್ಡಾ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ. ಯಾಕೆ ಎಂದು ಕೇಳಿದರೆ ಹೇಳುತ್ತಿಲ್ಲ.